ಮೊಟ್ಟೆಗೆಂದು ಸಾಕಿದ ಮರಿ ಹುಂಜವಾಗಿ ಕೂಗುವುದೇಕೆ?

ಗುಂಡಗುರ್ತಿ, ಚಿತ್ತಾಪುರ, ಸೇಡಂ ಕಡೆ ಹಿತ್ತಲಲ್ಲಿ ಜವಾರಿ ಕೋಳಿ ಸಾಕುವ ಮನೆಗೆ ಮೊಟ್ಟೆ ಎಂದರೆ ಮಕ್ಕಳ ಊಟಕ್ಕೂ ಆಯಿತು, ಕೈಖರ್ಚಿಗೂ ಆಯಿತು. ತಿಂಗಳುಗಟ್ಟಲೆ ಜೋಳ ಹಾಕಿ ಬೆಳೆಸಿದ ಮರಿಗಳಲ್ಲಿ ಅರ್ಧದಷ್ಟು ಒಂದು ಬೆಳಗ್ಗೆ ಕೂಗತೊಡಗಿದರೆ ಬೇಸರವಾಗುವುದು ಸಹಜ. ಆಗ ಮೊಟ್ಟೆಯ ಆಕಾರ, ಬೇಸಿಗೆಯ ಬಿಸಿಲು, ಮರಿ ಮಾರಿದವರು, ಹೀಗೆ ಯಾರಾದರೊಬ್ಬರ ಮೇಲೆ ತಪ್ಪು ಬೀಳುತ್ತದೆ. ಇವುಗಳಲ್ಲಿ ನಿಜವೆಷ್ಟು, ನೋಡೋಣ.

ಚೂಪು ಮೊಟ್ಟೆಯಿಂದ ಹುಂಜ ಬರುತ್ತದೆಯೇ?

ಇಲ್ಲ. ಇದು ಬಹಳ ಹಳೆಯ ನಂಬಿಕೆ. ಉದ್ದ, ಚೂಪಾದ ಮೊಟ್ಟೆಯಿಂದ ಹೆಣ್ಣು ಎಂದು ಗ್ರೀಸಿನ ಅರಿಸ್ಟಾಟಲ್ ಬರೆದಿದ್ದ. ಅಂಥದ್ದರಿಂದಲೇ ಗಂಡು ಎಂದು ರೋಮಿನ ಕೊಲುಮೆಲ್ಲಾ ಬರೆದ. ಆಕಾರವನ್ನು ಕೊಡುವುದು ತಾಯಿಕೋಳಿಯ ಅಂಡನಾಳ. ಒಳಗಿನ ಮರಿಯ ಲಿಂಗಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ನಿರ್ಧರಿಸುವುದು ಯಾರು?

ತಾಯಿಕೋಳಿ. ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವರ್ಣತಂತುವಿನಿಂದ ತೀರ್ಮಾನವಾದರೆ, ಕೋಳಿಯಲ್ಲಿ ತಿರುವುಮುರುವು. ಹುಂಜದಲ್ಲಿ ಎರಡು ಝಡ್ ವರ್ಣತಂತುಗಳು, ಹೇಂಟೆಯಲ್ಲಿ ಒಂದು ಝಡ್, ಒಂದು ಡಬ್ಲ್ಯೂ. ತಾಯಿಯಿಂದ ಝಡ್ ಬಂದರೆ ಗಂಡು, ಡಬ್ಲ್ಯೂ ಬಂದರೆ ಹೆಣ್ಣು. ಕಾವಿಗೆ ಕೂರಿಸುವ ಮೊದಲೇ ಇದು ಮುಗಿದಿರುತ್ತದೆ. ಮೊಸಳೆಯ ಮೊಟ್ಟೆಯಲ್ಲಿ ಶಾಖವೇ ಲಿಂಗ ನಿರ್ಧರಿಸುತ್ತದೆ, ಕೋಳಿಯಲ್ಲಿ ಹಾಗಿಲ್ಲ. ಕಲಬುರಗಿಯ ಬಿಸಿಲಿನ ಮೇಲೆ ದೂರು ಬೇಡ.

ಅರ್ಧಕ್ಕಿಂತ ಹೆಚ್ಚು ಹುಂಜಗಳಾದರೆ?

ಅದೂ ಮೋಸವೆನ್ನಲಾಗದು. ಪ್ರತಿ ಮರಿಯೂ ನಾಣ್ಯ ಚಿಮ್ಮಿದ ಹಾಗೆ. 10 ಮರಿಗಳಲ್ಲಿ 7 ಅಥವಾ ಹೆಚ್ಚು ಹುಂಜಗಳಾಗುವುದು ಸುಮಾರು 6 ಸಲಕ್ಕೆ ಒಮ್ಮೆ. 6 ಮರಿ ತಂದು ಆರೂ ಹೇಂಟೆಯಾಗುವುದು 64 ಸಲಕ್ಕೆ ಒಮ್ಮೆ ಮಾತ್ರ. ಒಂದು ದಿನದ ಮರಿಯ ಗುದದ್ವಾರ ನೋಡಿ ಲಿಂಗ ಗುರುತಿಸುವ ವಿದ್ಯೆಯನ್ನು ಜಪಾನಿನವರು ಸುಮಾರು 100 ವರ್ಷಗಳ ಹಿಂದೆ ರೂಪಿಸಿದರು. ಅದಕ್ಕೆ ಪಳಗಿದ ಕೈ ಬೇಕು. ಹಿತ್ತಲ ಸಾಕಣೆಯ ಮರಿಗಳನ್ನು ಸಾಮಾನ್ಯವಾಗಿ ಬೇರ್ಪಡಿಸದೆ ಮಾರುತ್ತಾರೆ.

ಬೇಗ ಗುರುತಿಸುವುದು ಹೇಗೆ?

6ರಿಂದ 8 ವಾರದಲ್ಲಿ ಹುಂಜದ ಜುಟ್ಟು ದೊಡ್ಡದಾಗಿ ಕೆಂಪೇರುತ್ತದೆ, ಕಾಲು ದಪ್ಪವಾಗುತ್ತದೆ. 3 ತಿಂಗಳ ಹೊತ್ತಿಗೆ ಬಾಲದ ಬುಡದ ಎರಡೂ ಬದಿಗೆ ಚೂಪು ಗರಿಗಳು ಇಳಿಬೀಳುತ್ತವೆ. ಇದು ನಂಬಬಹುದಾದ ಗುರುತು. ಹೇಂಟೆಯ ಗರಿಯ ತುದಿ ದುಂಡಗಿರುತ್ತದೆ.

ಹೇಂಟೆ ಕೂಗಿದರೆ ಅಪಶಕುನವೇ?

ಅಲ್ಲ. ಹೇಂಟೆಯಲ್ಲಿ ಸಾಮಾನ್ಯವಾಗಿ ಎಡ ಅಂಡಾಶಯ ಮಾತ್ರ ಕೆಲಸ ಮಾಡುತ್ತದೆ. ರೋಗದಿಂದಲೋ ವಯಸ್ಸಿನಿಂದಲೋ ಅದು ಹಾಳಾದರೆ ಹೆಣ್ಣು ಹಾರ್ಮೋನ್ ಇಳಿದು ಜುಟ್ಟು ಬೆಳೆಯಬಹುದು, ಕೂಗಲೂಬಹುದು. ಇದು ಅಪರೂಪ, ಮನೆಗೆ ಕೇಡಿನ ಸೂಚನೆಯಲ್ಲ. ಹೆದರಿ ಕೊಯ್ಯುವ ಅಗತ್ಯವಿಲ್ಲ.

ಏನು ಮಾಡಬೇಕು?

ಮೊಟ್ಟೆಯಷ್ಟೇ ಬೇಕಿದ್ದರೆ ಹುಂಜವೇ ಬೇಡ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಅದರಿಂದ ಮರಿಯಾಗದು ಅಷ್ಟೆ. ಮರಿ ಬೇಕಿದ್ದರೆ 8-10 ಹೇಂಟೆಗೆ ಒಂದು ಹುಂಜ ಸಾಕು. ಹೆಚ್ಚಿನವು ಕಾದಾಡುತ್ತವೆ, ಹೇಂಟೆಗಳ ಬೆನ್ನಿನ ಗರಿ ಕೀಳುತ್ತವೆ. ಅವನ್ನು ತೂಕ ಬಂದೊಡನೆ ಮಾಂಸಕ್ಕೆ ಮಾರಿದರೆ ಕಾಳು ಹಾಕಿದ ಖರ್ಚು ಸ್ವಲ್ಪವಾದರೂ ಹುಟ್ಟುತ್ತದೆ. ನಾಲ್ಕು ಹೇಂಟೆ ಬೇಕೆನ್ನುವವರು ಎಂಟು ಮರಿ ತರುವುದು ಲೆಕ್ಕಕ್ಕೆ ಹತ್ತಿರ.