ಕೇಳಲು ಕಲಿಯುವ ಮಿದುಳು

ಗುಡುಗಿಗೂ ಏಳದ ತಾಯಿ ತೊಟ್ಟಿಲ ಕೂಸು ಮುಲುಗಿದೊಡನೆ ಎಚ್ಚರಗೊಳ್ಳುತ್ತಾಳೆ. ಕಿವಿಗೆ ಬೀಳುವುದೂ ಕೇಳುವುದೂ ಬೇರೆಬೇರೆ ಎಂಬುದು ಇಂಥ ಅನುಭವದಿಂದ ನಮಗೆಲ್ಲ ತಿಳಿದದ್ದೇ. ಇದಕ್ಕೆ ಕಾರಣವನ್ನು ವಿಜ್ಞಾನಿಗಳು ಮಿದುಳಿನಲ್ಲಿ ಅರಸಿದ್ದಾರೆ.

ಒಳಕಿವಿಯು ಧ್ವನಿಕಂಪನವನ್ನು ನರಗಳ ಸಂಕೇತವಾಗಿ ಮಾರ್ಪಡಿಸುತ್ತದೆ. ಆ ಸಂಕೇತ ಹಲವು ಮಜಲುಗಳನ್ನು ದಾಟಿ, ಕಿವಿಯ ಮೇಲ್ಭಾಗಕ್ಕೆ ನೇರವಾಗಿ ಮಿದುಳಿನ ಹೊರಪದರದಲ್ಲಿರುವ ಶ್ರವಣಕೇಂದ್ರವನ್ನು ಸೇರುತ್ತದೆ. ಅಲ್ಲಿ ತಗ್ಗು ಸ್ವರಕ್ಕೊಂದು ಎಡೆ, ಏರು ಸ್ವರಕ್ಕೊಂದು ಎಡೆ. 1959ರಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಸಂಗಡಿಗರು ಬೆಕ್ಕಿನ ಈ ಕೇಂದ್ರದಲ್ಲಿ ಒಂದು ವಿಚಿತ್ರವನ್ನು ಕಂಡರು: ಕೆಲವು ನರಕೋಶಗಳು ಬೆಕ್ಕು ಸದ್ದಿನತ್ತ ಗಮನ ಕೊಟ್ಟಾಗ ಮಾತ್ರ ಮಿಡಿಯುತ್ತಿದ್ದುವು!

ಕೇಳಿದ್ದು ನಿರ್ಧಾರವಾಗುವ ಬಗೆ ಇನ್ನೂ ಸ್ವಾರಸ್ಯವಾದುದು. ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದಲ್ಲಿ ಇಲಿಗಳಿಗೊಂದು ಪಾಠ ಹೇಳಿದರು. ಬೆರೆತ ಸ್ವರಗಳಲ್ಲಿ ತಗ್ಗಿನವು ಹೆಚ್ಚಿದ್ದರೆ ಒಂದು ಬದಿಗೆ, ಏರಿನವು ಹೆಚ್ಚಿದ್ದರೆ ಇನ್ನೊಂದು ಬದಿಗೆ ಹೋಗಬೇಕು. ಸರಿಯಾದರೆ ಕುಡಿಯಲು ನೀರು. ಶ್ರವಣಕೇಂದ್ರದಿಂದ ಮಿದುಳಿನ ಒಳಭಾಗವಾದ ಸ್ಟ್ರಯೇಟಮ್‌ಗೆ ಹೋಗುವ ನರಕೋಶಗಳನ್ನು ಪ್ರಚೋದಿಸಿದರೆ ಇಲಿಯ ಆಯ್ಕೆಯೇ ಒಂದು ಬದಿಗೆ ವಾಲುವುದೆಂದು ಜ್ನಾಮೆನ್ಸ್ಕಿ ಮತ್ತು ಝೇಡರ್ 2013ರಲ್ಲಿ ತೋರಿಸಿದರು. ಇಲಿ ಪಾಠ ಕಲಿತಂತೆ, ಅದಕ್ಕೆ ಹೊಂದುವ ಸಂಪರ್ಕಗಳೇ ಬಲಗೊಂಡಿದ್ದುವೆಂದು 2015ರಲ್ಲಿ ತಿಳಿದುಬಂದಿತು. ಎಂದರೆ, ಕಲಿಕೆ ನರಗಳ ಹೆಣಿಗೆಯಲ್ಲೇ ಗುರುತುಳಿಸುತ್ತದೆ.

ಮನುಷ್ಯಶಿಶುವಿಗೂ ಇಂಥದೊಂದು ಪಾಠಶಾಲೆಯುಂಟು. ಹಿಂದಿಯಲ್ಲಿಯೂ ನಮ್ಮ ಕನ್ನಡದಲ್ಲಿಯೂ 'ತ'ಕಾರ, 'ಟ'ಕಾರ ಬೇರೆಬೇರೆ. ಇಂಗ್ಲಿಷಿನಲ್ಲಿ ಆ ಭೇದವಿಲ್ಲ. ಇಂಗ್ಲಿಷ್ ಮನೆಮಾತಿನ ಕೂಸುಗಳು ಆರೆಂಟು ತಿಂಗಳಲ್ಲಿ ಹಿಂದಿಯ ಈ ಭೇದವನ್ನು ಗುರುತಿಸಿ, ವರ್ಷ ತುಂಬುವ ಹೊತ್ತಿಗೆ ಬಹುಮಟ್ಟಿಗೆ ಕಳೆದುಕೊಳ್ಳುತ್ತವೆಂದು ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದರು. ಅವುಗಳ ಕಿವಿಗೆ ಏನೂ ಆಗಿರಲಿಲ್ಲ. ಮನೆಮಾತಿಗೆ ಬೇಡವಾದ ಭೇದವನ್ನು ಮಿದುಳು ಗಣಿಸುವುದನ್ನು ಬಿಟ್ಟಿತ್ತು.

ಹಾಗಾದರೆ ಯಾವ ಸದ್ದನ್ನೂ ಕೇಳದ ಕೂಸಿನ ಗತಿಯೇನು? ಪಾಠವಿಲ್ಲದ ಶ್ರವಣಕೇಂದ್ರ ಹಾಗೆಯೇ ಕಾದಿರುವುದಿಲ್ಲ. ಅದರ ಕಲಿಯುವ ಶಕ್ತಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಹುಟ್ಟುಕಿವುಡಾದ ಮಗುವಿಗೆ ಒಳಕಿವಿಯಲ್ಲಿ ಕೂಡಿಸುವ ಯಂತ್ರ ಮೊದಲ ವರ್ಷಗಳಲ್ಲೇ ದೊರೆತರೆ ಮಾತು ಸುಲಭವಾಗಿ ಒಲಿಯುವುದು ಇದರಿಂದಲೇ. "ನಮ್ಮ ಮನೆತನದಲ್ಲಿ ಮಾತು ತಡ" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಆ ಸಮಾಧಾನಕ್ಕೆ ಮೊದಲೇ ಕೂಸಿನ ಕಿವಿಯನ್ನು ಪರೀಕ್ಷೆ ಮಾಡಿಸುವುದು ಲೇಸು.