ಒಳದನಿಯ ಸತ್ಯಪರೀಕ್ಷೆ

"ಕಾರಣವನ್ನು ಹೇಳಲಾರೆ, ಆದರೆ ಇದು ಹೀಗೆಯೇ ಎಂದು ನನ್ನ ಮನಸ್ಸು ಸಾರಿ ಹೇಳುತ್ತದೆ" ಎಂಬ ಮಾತನ್ನು ಒಮ್ಮೆಯಾದರೂ ಆಡದವರು ವಿರಳ. ಹೊಲವನ್ನು ಕೊಳ್ಳುವಾಗ, ಸಂಬಂಧವನ್ನು ಕೂಡಿಸುವಾಗ, ರೋಗಿಯ ಮಗ್ಗುಲಲ್ಲಿ ಕುಳಿತಿರುವಾಗ ಈ ಒಳದನಿಯು ಕರೆಯದೆಯೇ ಬರುತ್ತದೆ. ಒಮ್ಮೆ ಅದು ನಿಜವಾಗಿ ನಮ್ಮನ್ನು ಬೆರಗುಗೊಳಿಸುತ್ತದೆ. ಮತ್ತೊಮ್ಮೆ ಸುಳ್ಳಾಗಿ ನಷ್ಟಕ್ಕೆ ಗುರಿಮಾಡುತ್ತದೆ. ವಿಚಿತ್ರವೇನೆಂದರೆ, ಎರಡು ಸಲವೂ ಅದರ ಧ್ವನಿ ಒಂದೇ. ಭಯವೂ ಆಸೆಯೂ ರೂಢಿಯೂ ಅಂತರ್ಬೋಧೆಯ ವೇಷವನ್ನೇ ಧರಿಸಿ ಬರುತ್ತವೆ. ಹಾಗಾದರೆ ಸಾಚಾ ಅಂತರ್ಬೋಧೆಯನ್ನು ಇವುಗಳಿಂದ ಬೇರ್ಪಡಿಸುವ ಬಗೆ ಯಾವುದು? ಈ ಪ್ರಶ್ನೆಯನ್ನು ಬಿಡಿಸಲು ನಾವು ದೂರ ಹೋಗಬೇಕಾಗಿಲ್ಲ. ಬೀದರ ಜಿಲ್ಲೆಯ ಮೂರು ಊರುಗಳನ್ನು ನೋಡಿದರೆ ಸಾಕು.

ಮೊದಲು ಬೀದರ ನಗರ. ಇಲ್ಲಿಯ ಬಿದರಿ ಕಲೆಯು ಲೋಕಪ್ರಸಿದ್ಧವಾದುದು. ೨೦೦೬ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರಕಿತು. ಹೆಚ್ಚು ಪಾಲು ಸತುವು, ಅಲ್ಪ ಪಾಲು ತಾಮ್ರ ಸೇರಿದ ಮಿಶ್ರಲೋಹದ ಪಾತ್ರೆಯಲ್ಲಿ ಬೆಳ್ಳಿಯ ಎಳೆಗಳನ್ನು ಕೂಡಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಭಾಗಗಳಿಂದ ತಂದ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ಪಾತ್ರೆಗೆ ಬಿಸಿಯಾಗಿರುವಾಗಲೇ ಬಳಿಯುತ್ತಾರೆ. ಲೋಹವು ಕಾಡಿಗೆಯಂತೆ ಕಪ್ಪಾಗುತ್ತದೆ; ಬೆಳ್ಳಿಯು ಮಾತ್ರ ಬೆಳ್ಳಗೆ ಉಳಿಯುತ್ತದೆ. ಎಲ್ಲ ಮಣ್ಣಿಗೂ ಈ ಗುಣವಿಲ್ಲ. ಸರಿಯಾದ ಮಣ್ಣು ಯಾವುದೆಂಬುದನ್ನು ಅನುಭವಿಗಳಾದ ಕುಶಲಕರ್ಮಿಗಳು ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲಿಟ್ಟು ನಿರ್ಣಯಿಸುವುದುಂಟು. ಆ ರುಚಿಯನ್ನು ವಿವರಿಸೆಂದು ಕೇಳಿದರೆ ಮಾತಿನಲ್ಲಿ ಪೂರ್ತಿಯಾಗಿ ಹೇಳುವುದು ಸುಲಭವಲ್ಲ. ಆದರೂ ನಾಲಿಗೆಗೆ ಅದು ಗೊತ್ತು.

ಇದರಲ್ಲಿ ಅಲೌಕಿಕವಾದುದೇನೂ ಇಲ್ಲ. ನಾಲಿಗೆಯ ಹಿಂದೆ ವರುಷಗಳ ಅಭ್ಯಾಸವಿದೆ. ಅದಕ್ಕಿಂತಲೂ ಮುಖ್ಯವಾಗಿ, ಪ್ರತಿಯೊಂದು ಅಭ್ಯಾಸಕ್ಕೂ ಕೂಡಲೇ ತೀರ್ಪು ದೊರೆತಿದೆ. ಮಣ್ಣು ಒಳ್ಳೆಯದಾದರೆ ಪಾತ್ರೆ ಕಪ್ಪಾಯಿತು, ಕೆಟ್ಟದಾದರೆ ಆಗಲಿಲ್ಲ. ನೆಪ ಹೇಳುವುದಕ್ಕೆ ಅಲ್ಲಿ ಎಡೆಯಿಲ್ಲ. ಪ್ರಕೃತಿಯೆಂಬ ಉಪಾಧ್ಯಾಯನು ಸರಿತಪ್ಪುಗಳನ್ನು ತಡಮಾಡದೆ ತಿದ್ದುತ್ತ ಬಂದುದರಿಂದ ಆ ನಾಲಿಗೆಯು ಪ್ರಾಜ್ಞವಾಯಿತು. ಅಂತರ್ಬೋಧೆಯೆಂಬುದು ಮರೆತುಹೋದ ಪಾಠಗಳ ನೆನಪು. ಪಾಠವು ಮರೆತರೂ ಗುರುತಿಸುವ ಶಕ್ತಿಯು ಉಳಿದಿರುತ್ತದೆ.

೧೯೭೩ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬವರು ಪ್ರಕಟಿಸಿದ ಪ್ರಯೋಗವು ಈ ಮಾತನ್ನು ಸಮರ್ಥಿಸುತ್ತದೆ. ನಿಜವಾದ ಚದುರಂಗದ ಆಟವೊಂದರ ಮಣೆಯನ್ನು ೫ ಸೆಕೆಂಡುಗಳ ಕಾಲ ತೋರಿಸಿ ಮರೆಮಾಡಿದಾಗ, ನುರಿತ ಆಟಗಾರನು ಹೆಚ್ಚಿನ ಕಾಯಿಗಳನ್ನು ತಪ್ಪಿಲ್ಲದೆ ಮರುಜೋಡಿಸಿದನು. ಹೊಸಬನು ಕೆಲವನ್ನು ಮಾತ್ರ. ಆದರೆ ಕಾಯಿಗಳನ್ನು ಮನಬಂದಂತೆ ಹರಡಿ ತೋರಿಸಿದಾಗ ನುರಿತವನ ಮೇಲುಗೈಯು ಮಾಯವಾಯಿತು. ಅವನಲ್ಲಿ ಇದ್ದುದು ದಿವ್ಯದೃಷ್ಟಿಯಲ್ಲ. ಆಟದಲ್ಲಿ ಮತ್ತೆ ಮತ್ತೆ ಬರುವ ವಿನ್ಯಾಸಗಳ ಪರಿಚಯ. ವಿನ್ಯಾಸವೇ ಇಲ್ಲದ ಕಡೆ ಅವನೂ ಹೊಸಬನೇ.

ಈಗ ಭಾಲ್ಕಿಗೆ ಬರೋಣ. ಈ ಸೀಮೆಯಲ್ಲಿ ದೇವಣಿ ತಳಿಯ ದನಗಳಿಗೆ ಹೆಸರಿದೆ. ಮೈಯ ಬಣ್ಣ, ಮಚ್ಚೆಗಳನ್ನು ಅನುಸರಿಸಿ ವಾನ್ನೇರ, ಬಾಲಂಕ್ಯ, ಶೇವೇರ ಎಂದು ಇವುಗಳಲ್ಲಿ ಮೂರು ಬಗೆ. ದನದ ಸಂತೆಯಲ್ಲಿ ಅನುಭವಶಾಲಿಯಾದ ರೈತನು ಎತ್ತನ್ನು ಒಂದು ಗಳಿಗೆ ನೋಡಿ, ನಾಲ್ಕು ಹೆಜ್ಜೆ ನಡೆಯಿಸಿ, "ಇದು ಬೇಡ" ಎನ್ನುತ್ತಾನೆ. ಕಾರಣವನ್ನು ಆಮೇಲೆ ಹುಡುಕುತ್ತಾನೆ. ಅವನ ಮಾತನ್ನು ನಾವು ಗೌರವಿಸಬೇಕು. ಏಕೆಂದರೆ ಹಿಂದೆ ಕೊಂಡ ಎತ್ತುಗಳೆಲ್ಲ ನೊಗದ ಕೆಳಗೆ ಅವನಿಗೆ ಪಾಠ ಹೇಳಿವೆ. ಆದರೆ ಅದೇ ರೈತನು ಅದೇ ಸಂತೆಯಲ್ಲಿ ನಿಂತು, "ಮುಂದಿನ ವರುಷ ತೊಗರಿಯ ಧಾರಣೆ ಏರಿಯೇ ಏರುತ್ತದೆ, ನನ್ನ ಮನಸ್ಸು ಹೇಳುತ್ತಿದೆ" ಎಂದನೆನ್ನಿ. ಮನುಷ್ಯನು ಅವನೇ, ದೃಢತೆಯೂ ಅಷ್ಟೇ. ಆದರೂ ಈ ಎರಡನೆಯ ಮಾತಿಗೆ ಮೊದಲನೆಯದರ ಬೆಲೆಯಿಲ್ಲ. ಧಾರಣೆಯು ಮಳೆ, ಆಮದು, ಸರಕಾರದ ನೀತಿ ಮುಂತಾದ ನೂರು ಕಾರಣಗಳಿಂದ ಅಲ್ಲಾಡುತ್ತದೆ. ವರುಷಕ್ಕೊಮ್ಮೆ ದೊರೆಯುವ ತೀರ್ಪಿನಿಂದ ಯಾರೂ ಅದನ್ನು ಕಲಿಯಲಾರರು. ಆದುದರಿಂದ ಅಂತರ್ಬೋಧೆಯು ವ್ಯಕ್ತಿಗೆ ಸೇರಿದ ವರವಲ್ಲ, ವಿಷಯಕ್ಕೆ ಸೇರಿದ ಗಳಿಕೆ. ಡೇನಿಯಲ್ ಕಾಹ್ನೆಮನ್ ಮತ್ತು ಗ್ಯಾರಿ ಕ್ಲೈನ್ ಎಂಬ ಮನೋವಿಜ್ಞಾನಿಗಳು ಈ ಬಗ್ಗೆ ಬಹುಕಾಲ ವಿರುದ್ಧ ಪಕ್ಷಗಳಲ್ಲಿದ್ದು, ೨೦೦೯ರಲ್ಲಿ ಕೂಡಿ ಬರೆದ ಲೇಖನದಲ್ಲಿ ಈ ನಿಲುವಿಗೇ ಬಂದರು: ವಿಷಯದಲ್ಲಿ ಕ್ರಮವಿರಬೇಕು, ಆ ಕ್ರಮವನ್ನು ಕಲಿಯಲು ಬೇಕಾದ ಅಭ್ಯಾಸವೂ ತಿದ್ದುಪಡಿಯೂ ದೊರೆತಿರಬೇಕು. ಮನಸ್ಸಿನ ದೃಢತೆಯನ್ನು ಮಾತ್ರ ಪ್ರಮಾಣವಾಗಿ ಎಣಿಸಕೂಡದು.

ಮೂರನೆಯದು ಔರಾದ. ಇಲ್ಲಿ ವಿಷಯವು ಹಣಕ್ಕೂ ಕಣ್ಣೀರಿಗೂ ಸಂಬಂಧಪಟ್ಟುದು. ಮಾಂಜ್ರಾ ನದಿಯಾಚೆಯ ಈ ಕರಿಮಣ್ಣಿನ ಬಯಲಿನಲ್ಲಿ ಕೊಳವೆಬಾವಿ ಕೊರೆಯಿಸುವುದೆಂದರೆ ಸಣ್ಣ ರೈತನಿಗೆ ಸಾಲದ ಮಾತು. ನಾಡಿನ ಇತರ ಕಡೆಗಳಂತೆ ಇಲ್ಲಿಯೂ ನೀರು ತೋರಿಸುವವರನ್ನು ಕರೆಯುವ ವಾಡಿಕೆಯುಂಟು. ಅಂಗೈಯ ಮೇಲೆ ತೆಂಗಿನಕಾಯಿಯನ್ನಿಟ್ಟುಕೊಂಡು, ಅಥವಾ ಕವಲು ಕಡ್ಡಿಯನ್ನು ಹಿಡಿದು ಅವರು ಹೊಲದಲ್ಲಿ ನಡೆಯುತ್ತಾರೆ. ಕಾಯಿಯು ಎದ್ದು ನಿಂತಲ್ಲಿ, ಕಡ್ಡಿಯು ಬಾಗಿದಲ್ಲಿ ನೀರಿದೆಯೆಂದು ಹೇಳುತ್ತಾರೆ. ಇವರಲ್ಲಿ ಅನೇಕರು ಮೋಸಗಾರರಲ್ಲ; ಕಾಯಿಯು ತಾನಾಗಿಯೇ ಚಲಿಸಿತೆಂದು ಪ್ರಾಮಾಣಿಕವಾಗಿ ನಂಬುವವರು.

ಆ ಚಲನೆಯ ರಹಸ್ಯವು ಹಳೆಯದು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರೋಲ್ ಎಂಬವನು ದಾರಕ್ಕೆ ಕಟ್ಟಿ ಕೈಯಲ್ಲಿ ಹಿಡಿದ ಲೋಲಕವು ಪಾದರಸದ ಮೇಲೆ ತೂಗಾಡುವುದನ್ನು ಪರೀಕ್ಷಿಸಿ, ೧೮೩೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಕಣ್ಣು ಕಟ್ಟಿಕೊಂಡಾಗ ಆ ತೂಗಾಟವು ಅವನು ನಿರೀಕ್ಷಿಸಿದ ನಿಯಮಗಳನ್ನು ಪಾಲಿಸಲಿಲ್ಲ. ಅದನ್ನು ನಡೆಯಿಸುತ್ತಿದ್ದುದು ಅವನ ನಿರೀಕ್ಷೆಯೇ. ೧೮೫೩ರಲ್ಲಿ ಮೈಕೇಲ್ ಫ್ಯಾರಡೆಯು, ಜನರು ಕೈಯಿಟ್ಟೊಡನೆ ತಿರುಗುತ್ತಿದ್ದ ಮೇಜುಗಳನ್ನು ಪರೀಕ್ಷೆಗೆ ಒಳಪಡಿಸಿದನು. ಕೈಗಳ ಕೆಳಗೆ ಮೆತ್ತನೆಯ ಅಂಟಿನಿಂದ ಕೂಡಿಸಿದ ರಟ್ಟಿನ ಪದರಗಳನ್ನಿರಿಸಿ, ಮೊದಲು ಸರಿದುದು ಕೈಯೇ ಹೊರತು ಮೇಜಲ್ಲವೆಂದು ತೋರಿಸಿದನು. ಕೈಯ ಒತ್ತಡವನ್ನು ತೋರುವ ಸೂಚಕವೊಂದನ್ನು ಕಣ್ಣೆದುರಿಗೆ ನಿಲ್ಲಿಸಿದೊಡನೆ ಮೇಜು ತಿರುಗುವುದೇ ನಿಂತುಹೋಯಿತು. ನಮ್ಮ ಎಣಿಕೆಯು ನಮಗೆ ತಿಳಿಯದಂತೆಯೇ ಸ್ನಾಯುಗಳಿಗೆ ಇಳಿಯುತ್ತದೆ ಎಂಬುದು ಇದರ ಸಾರ.

ಆದರೂ ಆ ಎಣಿಕೆಯೇ ನೀರಿನ ನಿಜವಾದ ಅಂತರ್ಬೋಧೆಯಾಗಿರಬಾರದೇಕೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ೧೯೮೭-೮೮ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿ ಇದನ್ನೇ ಪರೀಕ್ಷಿಸಿದರು. ಸುಮಾರು ೫೦೦ ಮಂದಿಯಿಂದ ಆಯ್ದ ೪೩ ಜನರು ಕೊಟ್ಟಿಗೆಯೊಂದರ ಮೇಲಂತಸ್ತಿನಲ್ಲಿ ನಡೆದು, ಕೆಳಗೆ ಸ್ಥಳ ಬದಲಿಸುತ್ತಿದ್ದ ನೀರಿನ ಕೊಳವೆಯನ್ನು ಗುರುತಿಸಬೇಕಾಗಿತ್ತು. ಒಟ್ಟು ೮೪೩ ಪರೀಕ್ಷೆಗಳಾದವು. ಕೆಲವರಲ್ಲಿ ವಿಶೇಷ ಶಕ್ತಿ ಕಂಡಿತೆಂದು ಪ್ರಯೋಗಕರ್ತರು ಹೇಳಿದರೂ, ಅಂಕಿಗಳನ್ನು ಮರುಪರಿಶೀಲಿಸಿದ ಜೇಮ್ಸ್ ಎನ್‌ರೈಟ್ ಎಂಬ ಅಮೆರಿಕದ ವಿಜ್ಞಾನಿಯು ಅವು ಕುರುಡು ಊಹೆಗಿಂತ ಮೇಲಲ್ಲವೆಂದು ತೋರಿಸಿದನು.

ಹಾಗಿದ್ದರೆ ನೀರು ತೋರಿಸುವವನ ನಂಬಿಕೆಯು ಕುಗ್ಗುವುದಿಲ್ಲವೇಕೆ? ಅವನ ಉಪಾಧ್ಯಾಯನು ಸರಿಯಿಲ್ಲ. ಕಪ್ಪುಶಿಲೆಯ ಈ ನೆಲದಲ್ಲಿ ಶಿಥಿಲವಾದ ಪದರಗಳಲ್ಲೂ ಬಿರುಕುಗಳಲ್ಲೂ ನೀರು ಹರಡಿಕೊಂಡಿರುವುದರಿಂದ ಅನೇಕ ಕಡೆ ಕೊರೆದರೆ ಅಷ್ಟಿಷ್ಟು ನೀರು ಬಂದೇ ಬರುತ್ತದೆ. ಅವನು ಬೇಡವೆಂದ ಜಾಗವನ್ನು ಯಾರೂ ಕೊರೆದು ನೋಡುವುದಿಲ್ಲ. ನೀರು ಬಂದರೆ ಕೀರ್ತಿ ಕಾಯಿಯದು. ಬಾರದಿದ್ದರೆ "ಇನ್ನೂ ಆಳಕ್ಕೆ ಹೋಗಬೇಕಾಗಿತ್ತು" ಎಂಬ ಸಮಾಧಾನ ಸಿದ್ಧವಾಗಿದೆ. ಬಿದರಿಯ ಪಾತ್ರೆಯಂತೆ ಇಲ್ಲಿ ಕಪ್ಪು ಬಿಳುಪಿನ ತೀರ್ಪಿಲ್ಲ. ಐವತ್ತು ವರುಷದ ಅನುಭವವೂ ತಿದ್ದುವವರಿಲ್ಲದಿದ್ದರೆ ಒಂದೇ ವರುಷದ ಅನುಭವದ ಐವತ್ತು ಆವೃತ್ತಿಗಳಾಗುತ್ತದೆ.

ಇದಕ್ಕೆ ಪ್ರತಿಯಾಗಿ, ೧೫ನೆಯ ಶತಮಾನದಲ್ಲಿ ಬಹಮನೀ ಅರಸರ ಕಾಲಕ್ಕೆ ಬೀದರದ ನೌಬಾದಿನಲ್ಲಿ ಸುರಂಗ ಬಾವಿಯನ್ನು ತೋಡಿದವರನ್ನು ನೆನೆಯಬೇಕು. ಬೀದರದ ಪ್ರಸ್ಥಭೂಮಿಯ ಮೇಲಿನ ಕೆಂಪು ಜಂಬಿಟ್ಟಿಗೆಯು ಮಳೆಯ ನೀರನ್ನು ಹೀರುತ್ತದೆ. ಅದರ ಕೆಳಗಿನ ಜೇಡಿಯೂ ಕಪ್ಪುಶಿಲೆಯೂ ಅದನ್ನು ತಡೆಯುತ್ತವೆ. ತಡೆದ ನೀರು ಅಂಚಿನಲ್ಲಿ ಝರಿಯಾಗಿ ಒಸರುತ್ತದೆ. ಹೊರಗೆ ಕಾಣುವ ಇಂಥ ಗುರುತನ್ನು ಹಿಡಿದು ಕೆಲಸ ಮಾಡಿದವರಿಗೆ, ತೋಡಿದ ಪ್ರತಿಯೊಂದು ಮೊಳವೂ ತಪ್ಪನ್ನು ಹೇಳಿಕೊಡುತ್ತಿತ್ತು.

ಇನ್ನು ಭಯ ಮತ್ತು ಶಾಂತಿಯ ವಿಚಾರ. ಶಾಂತವಾಗಿ ಬಂದುದು ಅಂತರ್ಬೋಧೆ, ಕಳವಳದಿಂದ ಬಂದುದು ಬರಿಯ ಭಯ ಎಂದು ಕೆಲವರು ಹೇಳುತ್ತಾರೆ. ಈ ಒರೆಗಲ್ಲು ನಂಬತಕ್ಕುದಲ್ಲ. ಕ್ಲೈನ್ ತನ್ನ ೧೯೯೮ರ ಪುಸ್ತಕದಲ್ಲಿ ಅಗ್ನಿಶಾಮಕ ದಳದ ಅಧಿಕಾರಿಯೊಬ್ಬನ ಸಂಗತಿಯನ್ನು ಬರೆದಿದ್ದಾನೆ. ಉರಿಯುತ್ತಿದ್ದ ಮನೆಯೊಳಗೆ ಏನೋ ಸರಿಯಿಲ್ಲವೆಂಬ ಕಳವಳದಿಂದ ಅವನು ತನ್ನವರನ್ನೆಲ್ಲ ಹೊರಕ್ಕೆ ಕರೆತಂದನು. ಅನಂತರ ನೆಲವು ಕುಸಿಯಿತು. ಬೆಂಕಿಯಿದ್ದುದು ನೆಲಮಾಳಿಗೆಯಲ್ಲಿ. ತನಗೆ ಅತೀಂದ್ರಿಯ ಶಕ್ತಿಯಿದೆಯೆಂದೇ ಅವನ ನಂಬಿಕೆ. ಆದರೆ ಕೋಣೆಯ ಅತಿಯಾದ ಶಾಖವೂ ಬೆಂಕಿಯ ಮೌನವೂ ಅವನು ಕಂಡ ಬೆಂಕಿಗಳಿಗೆ ಹೊಂದದಿದ್ದುದೇ ಆ ಕಳವಳದ ಮೂಲ. ಇತ್ತ ಶ್ರೀನಿವಾಸ ರಾಮಾನುಜನ್ ಅವರು ತಮ್ಮ ಸ್ಫುರಣೆಗಳನ್ನು ನಾಮಗಿರಿ ದೇವಿಯ ಕೃಪೆಯೆಂದು ಭಾವಿಸಿದ್ದರು. ೧೯೧೩ರಲ್ಲಿ ಹಾರ್ಡಿಯವರಿಗೆ ಕಳುಹಿಸಿದ ಸೂತ್ರಗಳಲ್ಲಿ ಅನೇಕವು ಜಗತ್ತನ್ನೇ ಬೆರಗುಗೊಳಿಸಿದವು. ಆದರೆ ಅವಿಭಾಜ್ಯ ಸಂಖ್ಯೆಗಳ ಎಣಿಕೆಯನ್ನು ಕುರಿತು ಅವರು ಹೇಳಿದುದು ತಪ್ಪಾಗಿತ್ತು. ಸರಿಯಾದುದನ್ನೂ ತಪ್ಪಾದುದನ್ನೂ ಅವರು ಒಂದೇ ವಿಶ್ವಾಸದಿಂದ ಬರೆದಿದ್ದರು. ಬೇರ್ಪಡಿಸಿದುದು ಸಾಧನೆಯೇ ಹೊರತು ಭಾವನೆಯಲ್ಲ.

ಆದಕಾರಣ ಒಳದನಿಯು ಮಾತನಾಡಿದಾಗ ಅದರ ಸ್ವರವನ್ನು ಬಿಟ್ಟು ವಂಶಾವಳಿಯನ್ನು ವಿಚಾರಿಸುವುದು ಲೇಸು. ಈ ವಿಷಯದಲ್ಲಿ ನಿಯಮವಾದ ಕ್ರಮವಿದೆಯೆ? ಹಿಂದೆ ನಾವು ಇಂಥವನ್ನು ಬಹಳವಾಗಿ ಕಂಡಿದ್ದೇವೆಯೆ? ಕಂಡಾಗಲೆಲ್ಲ ಸರಿತಪ್ಪು ತಿಳಿದುಬಂದಿದೆಯೆ? ಹೀಗಾಗಬೇಕೆಂಬ ಆಸೆ, ಹೀಗಾದೀತೆಂಬ ಅಂಜಿಕೆ ನಮ್ಮಲ್ಲಿ ಮೊದಲೇ ಇತ್ತೆ? ಮೊದಲ ಮೂರಕ್ಕೆ ಹೌದೆಂದೂ ಕೊನೆಯದಕ್ಕೆ ಇಲ್ಲವೆಂದೂ ಉತ್ತರ ಬಂದರೆ ಆ ದನಿಗೆ ಕಿವಿಗೊಡಬಹುದು. ಇಲ್ಲವಾದರೆ ಅದನ್ನು ಸೂಚನೆಯೆಂದು ಎಣಿಸಿ, ಬೇರೆ ಸಾಕ್ಷಿಯನ್ನು ಕೇಳಬೇಕು.

ಔರಾದದ ರೈತನಿಗೆ ಅಂಥ ಸಾಕ್ಷಿಯು ದುರ್ಲಭವಲ್ಲ. ನೆಲದಲ್ಲಿ ನಾಲ್ಕು ಲೋಹದ ಗೂಟಗಳನ್ನು ನೆಟ್ಟು, ಎರಡರ ಮೂಲಕ ವಿದ್ಯುತ್ತನ್ನು ಹರಿಸಿ, ಉಳಿದೆರಡರ ನಡುವಿನ ವೋಲ್ಟೇಜನ್ನು ಅಳೆದರೆ ಒಳಗಿನ ಪದರಗಳ ರೋಧವು ತಿಳಿಯುತ್ತದೆ. ನೀರುಂಡ ಶಿಥಿಲ ಶಿಲೆಗೆ ಗಟ್ಟಿ ಕಪ್ಪುಶಿಲೆಗಿಂತ ರೋಧ ಕಡಿಮೆ. ಈ ವಿಧಾನವೂ ತಪ್ಪುವುದುಂಟು. ಆದರೆ ಇದರ ತಪ್ಪುಗಳನ್ನು ಎಣಿಸಬಹುದು, ಎಣಿಸಿ ತಿದ್ದಿಕೊಳ್ಳಬಹುದು. ಕೊರೆಯುವುದಕ್ಕೆ ಮೊದಲು ಯಾರು ಯಾವ ಜಾಗವನ್ನು ತೋರಿಸಿದರು, ಎಷ್ಟು ಆಳ ಹೇಳಿದರು, ಕೊನೆಗೆ ಏನಾಯಿತು ಎಂಬುದನ್ನು ಊರಿನಲ್ಲಿ ಒಂದು ಪುಸ್ತಕದಲ್ಲಿ ಬರೆದಿಡುತ್ತ ಬಂದರೆ ಹತ್ತಾರು ಬಾವಿಗಳಾಗುವಷ್ಟರಲ್ಲಿ ಯಾವ ದನಿಗೆ ಎಷ್ಟು ಬೆಲೆಯೆಂಬುದು ಆ ಪುಟಗಳಲ್ಲಿಯೇ ಕಾಣತೊಡಗುತ್ತದೆ. ಬೇಕಾದುದು ಒಂದು ಪೆನ್ಸಿಲಿಗಿಂತ ಹೆಚ್ಚಿನದೇನೂ ಅಲ್ಲ. ಬರೆಯುವುದು ಮಾತ್ರ ಕೊರೆಯುವುದಕ್ಕೆ ಮೊದಲೇ ಆಗಬೇಕು.