ಕೊಳೆರೋಗವೂ ಸಣ್ಣ ತೋಟದ ರೈತನೂ

ಮಲೆನಾಡಿನಲ್ಲಿಯೂ ಕರಾವಳಿಯ ಜಿಲ್ಲೆಗಳಲ್ಲಿಯೂ ಅಡಿಕೆಯ ತೋಟವುಳ್ಳವರಿಗೆ ಕೊಳೆರೋಗದ ಪರಿಚಯವನ್ನು ಮಾಡಿಕೊಡಬೇಕಾದ ಆವಶ್ಯಕತೆಯಿಲ್ಲ. ಮುಂಗಾರು ಬಲವಾಗಿ ಹಿಡಿದು ದಿನಗಟ್ಟಲೆ ಬಿಡುವಿಲ್ಲದೆ ಸುರಿಯುವ ಕಾಲದಲ್ಲಿ ಎಳೆಗಾಯಿಗಳ ತೊಟ್ಟಿನ ಬಳಿ ನೀರು ಹೀರಿದಂತೆ ಕಾಣುವ ಕಡುಹಸುರು ಮಚ್ಚೆಗಳು ಮೊದಲು ತೋರುತ್ತವೆ. ಕೆಲವು ದಿನಗಳಲ್ಲಿ ಕಾಯಿಯು ಹೊಳಪುಗೆಟ್ಟು ಉದುರುವುದು. ಬಿದ್ದ ಕಾಯಿಯ ಮೇಲೆ ಬಿಳಿಯ ಬೂಷ್ಟು ಹತ್ತಿಯಂತೆ ಹರಡಿಕೊಳ್ಳುವುದು. ದಕ್ಷಿಣ ಕನ್ನಡದವರು ಇದನ್ನು ಮಹಾಳಿಯೆಂದು ಕರೆಯುತ್ತಾರೆ. ರೋಗವು ಕಾಯಿಗೆ ಮಾತ್ರ ನಿಲ್ಲದೆ ಸುಳಿಗೆ ಇಳಿದರೆ ಮರವೇ ಹೋಗುವುದು.

ಈ ರೋಗಕ್ಕೆ ಔಷಧವು ಗೊತ್ತಾಗಿ ನೂರು ವರ್ಷಗಳಿಗಿಂತ ಹೆಚ್ಚಾಯಿತು. ಔಷಧವು ದುರ್ಲಭವೂ ಅಲ್ಲ. ಅದನ್ನು ಮನೆಯಂಗಳದಲ್ಲಿಯೇ ಮಾಡಿಕೊಳ್ಳಬಹುದು. ಹೀಗಿದ್ದರೂ ಮಳೆ ಹೆಚ್ಚಾದ ವರ್ಷಗಳಲ್ಲೆಲ್ಲ ರೋಗವು ಮರಳಿ ಬಂದು ಫಸಲನ್ನು ನೆಲಕ್ಕೆ ಕೆಡವುತ್ತಲೇ ಇದೆ. ಇದಕ್ಕೆ ಔಷಧದ ದೋಷವು ಕಾರಣವಲ್ಲ. ಅದು ಸಣ್ಣ ತೋಟಗಳಿಗೆ ಸರಿಯಾದ ಹೊತ್ತಿನಲ್ಲಿ ಸರಿಯಾದ ರೀತಿಯಲ್ಲಿ ತಲಪದಿರುವುದೇ ಕಾರಣವೆಂದು ಈ ಲೇಖಕನ ದೃಢವಾದ ಅಭಿಪ್ರಾಯ. ಆದಕಾರಣ ಈ ಲೇಖನವು ರೋಗವನ್ನು ಕುರಿತದ್ದಾದರೂ ಮುಖ್ಯವಾಗಿ ಗ್ರಾಮದ ಹಿರಿಯರನ್ನೂ ದೊಡ್ಡ ತೋಟಗಳ ಒಡೆಯರನ್ನೂ ಉದ್ದೇಶಿಸಿ ಬರೆದದ್ದಾಗಿದೆ.

ಪೂರ್ವದಲ್ಲಿ ರೈತರು ಈ ರೋಗವನ್ನು ಸುಮ್ಮನೆ ನೋಡುತ್ತ ಕುಳಿತಿರಲಿಲ್ಲ. ಮಳೆಯ ನೀರು ಕೊನೆಗಳಿಗೆ ತಾಗದಂತೆ ಕರಡದ ಹುಲ್ಲಿನಿಂದ ಕೊಟ್ಟೆಗಳನ್ನು ಹೆಣೆದು, ಮರಮರಕ್ಕೂ ಹತ್ತಿ, ಪ್ರತಿಯೊಂದು ಕೊನೆಗೂ ತೊಡಿಸುತ್ತಿದ್ದರು. ನೀರೇ ರೋಗದ ವಾಹನವೆಂಬುದನ್ನು ಅವರು ಅನುಭವದಿಂದಲೇ ಅರಿತಿದ್ದರು. ಈಗಲೂ ಕೆಲವರು ಅದೇ ತತ್ತ್ವದ ಮೇಲೆ ಪ್ಲಾಸ್ಟಿಕ್ಕಿನ ಕೊಟ್ಟೆಗಳನ್ನು ಕಟ್ಟುವುದುಂಟು. ಕಟ್ಟಿದ ಕೊನೆ ಉಳಿಯುತ್ತದೆಂಬುದು ನಿಜ. ಆದರೆ ಅದಕ್ಕೆ ತಗಲುವ ಆಳು ಮತ್ತು ಹೊತ್ತನ್ನು ಲೆಕ್ಕ ಹಾಕಿದರೆ ದೊಡ್ಡ ವಿಸ್ತೀರ್ಣಕ್ಕೆ ಅದು ಸಾಗತಕ್ಕ ಕೆಲಸವಲ್ಲ.

ಕೆನಡಾ ದೇಶದವರಾದ ಡಾಕ್ಟರ್ ಲೆಸ್ಲಿ ಕೋಲ್ಮನ್ ಎಂಬವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಪರಿಶೀಲಿಸಿ, ಅದು ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯಿಂದ ಆಗುವುದೆಂದು ನಿಶ್ಚಯಿಸಿದರು. ಅವರ ವರದಿಯು 1910ರಲ್ಲಿ ಪ್ರಕಟವಾಯಿತು. ಇದಕ್ಕೆ ತಕ್ಕ ಔಷಧವೆಂದು ಅವರು ಎತ್ತಿಕೊಂಡದ್ದು ಬೋರ್ಡೋ ದ್ರಾವಣವನ್ನು. ಈ ದ್ರಾವಣದ ಹುಟ್ಟಿನ ಕಥೆಯೂ ಸ್ವಾರಸ್ಯವಾದುದೇ. ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿ ತೋಟದವರು ದಾರಿಯ ಅಂಚಿನ ಬಳ್ಳಿಗಳ ಹಣ್ಣನ್ನು ಹಾದಿಹೋಕರು ಕೀಳದಿರಲೆಂದು ಮೈಲುತುತ್ತ ಮತ್ತು ಸುಣ್ಣವನ್ನು ಕಲಸಿ ಎರಚುತ್ತಿದ್ದರು. ಹಾಗೆ ಎರಚಿದ ಬಳ್ಳಿಗಳಿಗೆ ಮಾತ್ರ ಬೂಷ್ಟುರೋಗ ತಗಲದಿದ್ದುದನ್ನು ಮಿಲಾರ್ಡೆ ಎಂಬ ಪಂಡಿತನು ಗಮನಿಸಿ, 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದನು. ಕಳ್ಳರಿಗಾಗಿ ಮಾಡಿದ್ದು ರೋಗಕ್ಕೆ ಮದ್ದಾಯಿತು.

ಡಾಕ್ಟರ್ ಕೋಲ್ಮನ್ನರು ಮುಂದೆ ಮೈಸೂರಿನ ವ್ಯವಸಾಯ ಇಲಾಖೆಯ ಡೈರೆಕ್ಟರಾದರು. ಹೆಬ್ಬಾಳದಲ್ಲಿ ವ್ಯವಸಾಯ ಪಾಠಶಾಲೆಯು 1913ರಲ್ಲಿ ಆರಂಭವಾದದ್ದೂ ಅವರ ಕಾಲದಲ್ಲಿಯೇ. ವರದಿಯನ್ನು ಅಚ್ಚು ಹಾಕಿಸಿ ಸುಮ್ಮನಾಗದೆ ಇಲಾಖೆಯವರು ರೈತರ ತೋಟಗಳಿಗೇ ಹೋಗಿ ಸಿಂಪಡಿಸಿ ತೋರಿಸಿದುದರಿಂದಲೇ ಈ ಪದ್ಧತಿಯು ಬೇರೂರಿತೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು. ಕಾಗದದ ಮೇಲಿನ ಮಾತನ್ನು ನಂಬದಿದ್ದವರು ಸಿಂಪಡಿಸಿದ ಮರವನ್ನೂ ಸಿಂಪಡಿಸದ ಮರವನ್ನೂ ಪಕ್ಕಪಕ್ಕದಲ್ಲಿ ಕಂಡು ನಂಬಿದರು.

ಈಗ ರೋಗವು ಹರಡುವ ಬಗೆಯನ್ನು ವಿಚಾರ ಮಾಡೋಣ. ರೋಗ ಹಿಡಿದ ಕಾಯಿಯ ಮೇಲೆ ಹುಟ್ಟುವ ಬೀಜಕಣಗಳು ಮಳೆಯ ಹನಿ ಸಿಡಿದಾಗ ಅದರೊಡನೆ ಚಿಮ್ಮಿ, ಗಾಳಿಯಲ್ಲಿ ತೇಲಿ, ಪಕ್ಕದ ಮರಕ್ಕೆ ಹಾರುತ್ತವೆ. ತೇವದಲ್ಲಿ ಒಡೆದು ನೀರಿನಲ್ಲಿ ಈಜತಕ್ಕ ಇನ್ನೂ ಸಣ್ಣ ಕಣಗಳಾಗಿ ಎಳೆಗಾಯಿಯೊಳಕ್ಕೆ ಹೊಗುತ್ತವೆ. ಮಲೆನಾಡಿನ ತೋಟಗಳು ಬಹುಮಟ್ಟಿಗೆ ಎರಡು ಗುಡ್ಡಗಳ ನಡುವಣ ಕಣಿವೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಇರುವುವಷ್ಟೆ. ಅಲ್ಲಿ ತೇವವು ನಿಲ್ಲುವುದು, ಬಿಸಿಲು ತಡವಾಗಿ ಬೀಳುವುದು, ಗಾಳಿಯು ಕಣಿವೆಯ ಉದ್ದಕ್ಕೆ ಬೀಸುವುದು. ಬೇಲಿಯು ದನಗಳನ್ನು ತಡೆದೀತೇ ಹೊರತು ಈ ಕಣಗಳನ್ನು ತಡೆಯಲಾರದು. ಹತ್ತು ಎಕರೆಯ ಒಡೆಯನು ತನ್ನ ಮರಗಳಿಗೆಲ್ಲ ಕ್ರಮವಾಗಿ ಸಿಂಪಡಿಸಿದರೂ, ಗಾಳಿ ಬರುವ ದಿಕ್ಕಿನಲ್ಲಿ ಇಪ್ಪತ್ತು ಗುಂಟೆಯ ತೋಟವೊಂದು ಔಷಧವಿಲ್ಲದೆ ಉಳಿದರೆ, ಅಲ್ಲಿಂದ ಮಳೆಗಾಲದ ಉದ್ದಕ್ಕೂ ರೋಗದ ಬಿತ್ತನೆ ನಡೆಯುತ್ತಲೇ ಇರುವುದು. ಔಷಧದ ಲೇಪವು ಮಳೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ತೊಳೆದುಹೋಗುವುದಲ್ಲದೆ, ಸಿಂಪಡಿಸಿದ ಮೇಲೆ ಬೆಳೆದ ಕಾಯಿಯ ಭಾಗಕ್ಕೆ ಲೇಪವೇ ಇರುವುದಿಲ್ಲ. ಪಕ್ಕದಲ್ಲಿ ರೋಗದ ಮೂಲವಿದ್ದಾಗ ಇಂತಹ ಸಂದುಗಳೇ ಅದಕ್ಕೆ ಬಾಗಿಲಾಗುತ್ತವೆ.

ಹಾಗಾದರೆ ಆ ಇಪ್ಪತ್ತು ಗುಂಟೆಯವನು ಏಕೆ ಸಿಂಪಡಿಸಲಿಲ್ಲ? ಸೋಮಾರಿತನವೆಂದು ಹೇಳುವವರುಂಟು. ತೋಟಗಳನ್ನು ಸುತ್ತಿ ನೋಡಿದವರಿಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಇಪ್ಪತ್ತು ಗುಂಟೆಯಲ್ಲಿ ಸುಮಾರು 275 ಮರಗಳಿರುತ್ತವೆ. ಅಷ್ಟಕ್ಕಾಗಿ ಅವನು ಪಂಪನ್ನು ಕೊಳ್ಳಲಾರನು. ಮೈಲುತುತ್ತಕ್ಕೆ ಹಣವು ಬೇಕಾಗುವುದು ಬೇಸಗೆಯ ಕೊನೆಯಲ್ಲಿ. ಆಗ ಅವನ ಅಡಿಕೆಯು ಮಾರಿಹೋಗಿ, ಹಣವು ಸಾಲಕ್ಕೂ ಮಕ್ಕಳ ವಿದ್ಯಾಭ್ಯಾಸಕ್ಕೂ ಸಂದುಹೋಗಿರುತ್ತದೆ. ಇವೆರಡಕ್ಕಿಂತಲೂ ದೊಡ್ಡ ತೊಡಕೆಂದರೆ ಕೊನೆಗಾರನದು. ಮೊದಲನೆಯ ಸಿಂಪಡಿಕೆಯು ಮುಂಗಾರು ಹಿಡಿಯುವುದಕ್ಕೆ ಮುಂಚೆ, ಎಂದರೆ ಮೇ ತಿಂಗಳ ಕಡೆಯ ವಾರದಿಂದ ಜೂನ್ ತಿಂಗಳ ಮೊದಲ ವಾರದೊಳಗೆ ಆಗಬೇಕು. ಊರಿನ ತೋಟಗಳಿಗೆಲ್ಲ ಕೊನೆಗಾರನು ಬೇಕಾಗುವುದು ಇದೇ ಹದಿನೈದು ದಿನಗಳಲ್ಲಿ. ಊರಿಗೆ ಒಬ್ಬಿಬ್ಬರಿರುವ ಕೊನೆಗಾರರು ಮೊದಲು ದೊಡ್ಡ ತೋಟಗಳಿಗೆ ಹೋಗುತ್ತಾರೆ. ಅಲ್ಲಿ ಹಲವು ದಿನಗಳ ಕೆಲಸವೂ ಮುಂಗಡವೂ ದೊರೆಯುತ್ತದೆ. ಸಣ್ಣ ತೋಟದ ಸರದಿ ಬರುವ ಹೊತ್ತಿಗೆ ಮಳೆಯು ಹಿಡಿದಿರುತ್ತದೆ. ತೊಯ್ದ ಮರ ಜಾರುತ್ತದೆ, ತೊಯ್ದ ಕೊನೆಗೆ ಔಷಧ ಹಿಡಿಯುವುದಿಲ್ಲ.

ತರಬೇತಿಯ ವಿಷಯದಲ್ಲಿಯೂ ಇದೇ ಕ್ರಮವು ನಡೆದುಬಂದಿದೆ. ಸಭೆಯು ತಾಲ್ಲೂಕಿನ ಊರಿನಲ್ಲಿ ಏರ್ಪಡುತ್ತದೆ, ವಾಹನವುಳ್ಳವರು ಬರುತ್ತಾರೆ, ಉಪನ್ಯಾಸವಾದ ಮೇಲೆ ಊಟವೂ ಆಗುತ್ತದೆ. ಅಂಗಳದಲ್ಲಿ ಸುಣ್ಣವನ್ನು ಅರಳಿಸಿ ಮೈಲುತುತ್ತವನ್ನು ಕರಗಿಸುವ ಹೆಂಗಸರಾಗಲಿ, ಮರದ ಮೇಲೆ ಗುಂಡಿ ಒತ್ತುವ ಕೊನೆಗಾರನಾಗಲಿ, ಇಪ್ಪತ್ತು ಗುಂಟೆಯ ರೈತನಾಗಲಿ ಆ ಸಭೆಯಲ್ಲಿ ಕಾಣುವುದು ಅಪರೂಪ. ಯಾರ ಕೈಯಿಂದ ಕೆಲಸವಾಗಬೇಕೋ ಅವರ ಕಿವಿಗೆ ಮಾತು ಬೀಳದಿದ್ದರೆ ಉಪನ್ಯಾಸದಿಂದ ಏನು ಪ್ರಯೋಜನ? ಪ್ರಾತ್ಯಕ್ಷಿಕೆಯು ಮೇ ತಿಂಗಳ ನಡುವೆ, ಊರಿನ ಅತಿ ಸಣ್ಣ ತೋಟವೊಂದರಲ್ಲಿ, ಆ ರೈತನದೇ ಪಾತ್ರೆಗಳಿಂದ, ಅವನ ಮನೆಯವರ ಕೈಯಿಂದಲೇ ಆಗತಕ್ಕದ್ದು. ಇನ್ಸ್‌ಪೆಕ್ಟರನು ಮಾಡಿ ತೋರಿಸುವುದಕ್ಕಿಂತ ಅವರು ಮಾಡುವುದನ್ನು ಪಕ್ಕದಲ್ಲಿ ನಿಂತು ತಿದ್ದುವುದು ಮೇಲು.

ತಿದ್ದತಕ್ಕದ್ದು ಬಹಳವಿರುತ್ತದೆ. ಶೇಕಡ 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಒಳ್ಳೆಯ ಸುಟ್ಟ ಸುಣ್ಣ, ನೂರು ಲೀಟರ್ ನೀರು ಎಂಬ ಪ್ರಮಾಣವನ್ನು ಅನೇಕರು ಬಲ್ಲರು. ಕೂಡಿಸುವ ಕ್ರಮವನ್ನು ಬಲ್ಲವರು ಕಡಮೆ. ಮೈಲುತುತ್ತವನ್ನು ಐವತ್ತು ಲೀಟರ್ ನೀರಿನಲ್ಲಿಯೂ ಸುಣ್ಣವನ್ನು ಐವತ್ತು ಲೀಟರ್ ನೀರಿನಲ್ಲಿಯೂ ಬೇರೆಬೇರೆಯಾಗಿ ಸಿದ್ಧಪಡಿಸಿ, ಸುಣ್ಣದ ನೀರನ್ನು ಸೋಸಿ, ಎರಡೂ ತಣ್ಣಗಾದ ಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತ ಕೋಲಿನಿಂದ ಕಲಕುತ್ತಿರಬೇಕು. ತಿರುಗುಮುರುಗು ಮಾಡಿದರೆ ಕಣಗಳು ದಪ್ಪವಾಗಿ ತಳ ಸೇರುತ್ತವೆ. ಮರಕ್ಕೆ ಹತ್ತುವುದು ಬರಿಯ ನೀರು. ಕಬ್ಬಿಣದ ಪೀಪಾಯಿಯನ್ನು ಉಪಯೋಗಿಸಕೂಡದು; ಮರದ, ಮಣ್ಣಿನ ಅಥವಾ ಪ್ಲಾಸ್ಟಿಕ್ಕಿನ ಪಾತ್ರೆಯಾಗಬೇಕು. ಗಾಳಿಗೆ ಬಿಟ್ಟು ಹಳತಾದ ಪುಡಿಸುಣ್ಣದಿಂದ ಕೆಲಸವಾಗದು. ಅಗ್ಗವೆಂದು ಇದನ್ನೇ ಕೊಂಡು ಇಡೀ ಸಿಂಪಡಿಕೆಯನ್ನು ಕೆಡಿಸಿಕೊಂಡವರನ್ನು ಹಲವು ಊರುಗಳಲ್ಲಿ ಕಾಣಬಹುದು.

ದ್ರಾವಣವು ಸರಿಯಾಯಿತೇ ಎಂಬುದನ್ನು ತಿಳಿಯಲು ದೊಡ್ಡ ಪರೀಕ್ಷೆ ಬೇಡ. ಉಜ್ಜಿ ಹೊಳಪು ಮಾಡಿದ ಚೂರಿಯ ಅಲಗನ್ನು ಒಂದು ನಿಮಿಷ ಅದ್ದಿ ತೆಗೆಯಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣವು ಸಾಲದೆಂದು ಅರ್ಥ; ಕೆಂಪು ಕಾಣದಿರುವ ತನಕ ಸುಣ್ಣದ ನೀರನ್ನು ಸೇರಿಸತಕ್ಕದ್ದು. ಹಾಗೆ ಮಾಡದಿದ್ದರೆ ಎಳೆಗಾಯಿಯೂ ಹಿಂಗಾರವೂ ಸುಟ್ಟುಹೋಗುವುವು. ಚೂರಿಯ ಈ ಪರೀಕ್ಷೆಯನ್ನು ಮನೆಯ ಹೆಣ್ಣುಮಕ್ಕಳಿಗೆ ಒಮ್ಮೆ ತೋರಿಸಿದರೆ ಸಾಕು, ಅವರು ತಪ್ಪುವುದಿಲ್ಲ. ಸಾರಿನ ಹದವನ್ನು ನೋಡುವ ಕಣ್ಣಿಗೆ ಇದೇನು ಮಹತ್ತರವಾದುದಲ್ಲ. ಮಾಡಿದ ದ್ರಾವಣವನ್ನು ಅದೇ ದಿನ ಮುಗಿಸಬೇಕು. ಉಳಿದದ್ದನ್ನು ಮಾರನೆಯ ದಿನಕ್ಕೆ ಇಡುವುದು ಮಿತವ್ಯಯವಲ್ಲ.

ಇನ್ನು ಕೊನೆಗಾರನ ವಿಷಯ. ಕಾಲಿಗೆ ತಳೆಯನ್ನು ಹಾಕಿಕೊಂಡು ಮರವನ್ನು ಹತ್ತಿ, ಅಲ್ಲಿಂದ ಇಳಿಯದೆಯೇ ಮರವನ್ನು ಬಾಗಿಸಿ ಪಕ್ಕದ ಮರವನ್ನು ಹಿಡಿದು ದಾಟುವ ಅವನ ವಿದ್ಯೆಯು ಯಾವ ಪಾಠಶಾಲೆಯಲ್ಲಿಯೂ ದೊರೆಯುವುದಲ್ಲ. ತಂದೆಯಿಂದ ಮಗನಿಗೆ ಬರುತ್ತಿದ್ದ ಆ ವಿದ್ಯೆಯನ್ನು ಈಗಿನ ಮಕ್ಕಳು ಕಲಿಯಲೊಲ್ಲರೆಂದು ಎಲ್ಲರೂ ದೂರುತ್ತಾರೆ. ಬಿದ್ದು ಸೊಂಟ ಮುರಿದುಕೊಂಡವನ ಮನೆಯನ್ನು ಯಾರು ನೋಡಿಕೊಂಡರೆಂದು ಆ ಮಕ್ಕಳು ಕೇಳಿದರೆ ದೂರುವವರಲ್ಲಿ ಉತ್ತರವಿರುವುದಿಲ್ಲ. ಈಚಿನ ವರ್ಷಗಳಲ್ಲಿ ಕರಾವಳಿಯಲ್ಲಿ ತರುಣರಿಗೆ ಮರ ಹತ್ತುವುದನ್ನೂ ಸಿಂಪಡಿಸುವುದನ್ನೂ ಕಲಿಸುವ ಶಿಬಿರಗಳು ನಡೆದಿವೆ. ನೆಲದ ಮೇಲೆಯೇ ನಿಂತು ಸಿಂಪಡಿಸಬಹುದಾದ ಹಗುರವಾದ ಕಾರ್ಬನ್ ಫೈಬರಿನ ದೋಟಿಗಳೂ ಬಂದಿವೆ. ದೋಟಿಯ ಬೆಲೆಯನ್ನು ಸಣ್ಣ ರೈತನು ಒಬ್ಬನೇ ತೆರಲಾರನು. ಐದಾರು ಮನೆಯವರು ಕೂಡಿದರೆ ಸಾಧ್ಯ. ಕೊನೆಗಾರನ ಅಪಘಾತ ವಿಮೆಯ ಕಂತನ್ನು ಅವನಿಂದ ಕೆಲಸ ಪಡೆಯುವ ತೋಟದವರೆಲ್ಲ ಎಕರೆಯ ಲೆಕ್ಕದಲ್ಲಿ ಹಂಚಿಕೊಂಡರೆ ಯಾರಿಗೂ ಭಾರವಾಗದು.

ಗ್ರಾಮದ ಹಿರಿಯರ ಸಹಾಯವು ಬೇಕಾಗಿರುವುದು ಇಲ್ಲಿಯೇ. 1961ರ ಕಾಯಿದೆಯಿಂದ ವಂಶಪಾರಂಪರ್ಯವಾದ ಪಟೇಲಿಕೆಯು ರದ್ದಾಯಿತಾದರೂ, ಮಾತು ನಡೆಯುವ ಮನೆಗಳು ಪ್ರತಿ ಊರಿನಲ್ಲಿಯೂ ಇದ್ದೇ ಇವೆ. ಈ ಪತ್ರಿಕೆಯು ಹೆಚ್ಚಾಗಿ ಹೋಗುವುದೂ ಅಂತಹ ಮನೆಗಳಿಗೇ. ಸಿಂಪಡಿಕೆಯ ಸರದಿಯನ್ನು ಹಿಡುವಳಿಯ ಗಾತ್ರದ ಮೇಲೆ ಬಿಡದೆ ಕಣಿವೆಯ ಕ್ರಮದಲ್ಲಿ ಏರ್ಪಡಿಸಬೇಕೆಂಬುದೇ ನಮ್ಮ ವಿಜ್ಞಾಪನೆ. ಗಾಳಿ ಬರುವ ಕಡೆಯ ತೋಟದಿಂದ ಆರಂಭಿಸಿ, ಅದು ಯಾರದೇ ಆಗಿರಲಿ, ಒಂದರ ತರುವಾಯ ಒಂದನ್ನು ಮುಗಿಸುತ್ತ ಹೋಗತಕ್ಕದ್ದು. ಹೀಗೆ ಮಾಡಿದರೆ ಕೊನೆಗಾರನ ಓಡಾಟವೂ ಪಂಪಿನ ಸಾಗಾಟವೂ ಕಡಮೆಯಾಗಿ ಅದೇ ಹದಿನೈದು ದಿನಗಳಲ್ಲಿ ಹೆಚ್ಚು ಮರಗಳಿಗೆ ಔಷಧ ಬೀಳುವುದು.

ನನ್ನ ಪಂಪು, ನಾನು ಮುಂಗಡ ಕೊಟ್ಟ ಆಳು, ನನ್ನ ತೋಟಕ್ಕಿಂತ ಮುಂಚೆ ಪರರ ತೋಟಕ್ಕೆ ಏಕೆ ಹೋಗಬೇಕೆಂದು ದೊಡ್ಡ ಒಡೆಯರು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆಯೇ. ಪಂಪಿಗೆ ಬಾಡಿಗೆಯನ್ನು ಪಡೆಯುವುದರಲ್ಲಿ ಆಕ್ಷೇಪವೇನೂ ಇಲ್ಲ. ಫಸಲು ಬಂದ ಮೇಲೆ ಪಡೆಯಲೆಂದಷ್ಟೆ ಕೋರಿಕೆ. ಉಳಿದ ಮಾತಿಗೆ ಉತ್ತರವು ಗಾಳಿಯ ದಿಕ್ಕಿನಲ್ಲಿದೆ. ನೆರೆಯವನ 275 ಮರಗಳಿಗೆ ತಗಲುವ ಔಷಧದ ವೆಚ್ಚವನ್ನು ಒಂದು ಕಡೆಯೂ, ರೋಗ ಹಿಡಿದ ವರ್ಷ ತಮ್ಮ ತೋಟದಿಂದ ಉದುರುವ ಕಾಯಿಯನ್ನು ಇನ್ನೊಂದು ಕಡೆಯೂ ಇಟ್ಟು ಒಡೆಯರೇ ತೂಗಿ ನೋಡಲಿ.

ಹಣದ ಮಾತಿಗೆ ಸಹಕಾರ ಸಂಘಗಳುಂಟು. ಅಡಿಕೆಯ ನಾಡಿನಲ್ಲಿ ಸಹಕಾರವು ಹೊಸದಲ್ಲ. ಶಿರಸಿಯ ತೋಟಗಾರ್ಸ್ ಸಂಘವು 1923ರಲ್ಲಿಯೂ, ಶಿವಮೊಗ್ಗದ ಮಲೆನಾಡು ಅಡಿಕೆ ಮಾರಾಟ ಸಂಘವು 1939ರಲ್ಲಿಯೂ, ಮಂಗಳೂರಿನ ಕ್ಯಾಂಪ್ಕೊ 1973ರಲ್ಲಿಯೂ ಹುಟ್ಟಿದವು. ಊರಿನ ಪ್ರಾಥಮಿಕ ಸಂಘದ ಮೂಲಕ ಏಪ್ರಿಲ್ ತಿಂಗಳಲ್ಲಿಯೇ ಎಲ್ಲರ ಮೈಲುತುತ್ತವನ್ನು ಒಟ್ಟಾಗಿ ತರಿಸಿದರೆ ಬೆಲೆಯೂ ಇಳಿಯುವುದು, ಸರಕಿನ ಶುದ್ಧತೆಯನ್ನು ಕೇಳುವ ಬಲವೂ ಬರುವುದು.

ಎರಡನೆಯ ಸಿಂಪಡಿಕೆಯು ಮೊದಲನೆಯದಾದ 40ರಿಂದ 45 ದಿನಗಳಿಗೆ ಆಗಬೇಕು. ಮಳೆಯು ಮುಂದುವರಿದರೆ ಮೂರನೆಯದೂ ಬೇಕು. ನಡುಮಳೆಗಾಲದಲ್ಲಿ ಬಿಸಿಲು ತೋರುವ ದಿನಗಳು ಎರಡೋ ಮೂರೋ ಇರುವುದರಿಂದ ಸರದಿಯ ಪಟ್ಟಿಯು ಮುಂಚೆಯೇ ಸಿದ್ಧವಾಗಿರದಿದ್ದರೆ ಆ ದಿನಗಳು ಮಾತುಕತೆಯಲ್ಲಿಯೇ ಕಳೆದುಹೋಗುವುವು. ಉದುರಿದ ಕಾಯಿಗಳನ್ನೂ ಮರದಲ್ಲಿಯೇ ಒಣಗಿ ನಿಂತ ರೋಗದ ಕೊನೆಗಳನ್ನೂ ತೆಗೆದು ಸುಡಬೇಕು, ಬಸಿಗಾಲುವೆಗಳ ಹೂಳನ್ನು ಮಳೆಗೆ ಮುಂಚೆ ಎತ್ತಿಸಬೇಕು. ಈ ಎರಡು ಕೆಲಸಗಳಿಗೆ ಕೊನೆಗಾರನೂ ಬೇಡ, ಮೈಲುತುತ್ತವೂ ಬೇಡ.

ಪ್ರಾತ್ಯಕ್ಷಿಕೆಯನ್ನು ಅಪೇಕ್ಷಿಸುವ ಊರಿನವರು ತಮ್ಮ ಕಣಿವೆಯ ತೋಟಗಳ ಪಟ್ಟಿಯನ್ನು, ಗಾಳಿ ಬರುವ ಕಡೆಯಿಂದ ಆರಂಭಿಸಿ, ಮರಗಳ ಸಂಖ್ಯೆಯೊಡನೆ ಬರೆದು, ಯುಗಾದಿಯ ಹೊತ್ತಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕಳುಹಿಸಿಕೊಡಲಿ. ಪ್ರಾತ್ಯಕ್ಷಿಕೆಯು ಯಾವ ಸಣ್ಣ ತೋಟದಲ್ಲಿ ನಡೆಯಬೇಕೆಂಬುದನ್ನು ಪಟ್ಟಿಯಲ್ಲಿಯೇ ಗುರುತು ಮಾಡತಕ್ಕದ್ದು. ಊರಿನ ಕೊನೆಗಾರರ ಹೆಸರುಗಳನ್ನೂ ಸೇರಿಸತಕ್ಕದ್ದು.